ರಾತ್ರಿ ಕೊಲೆ, ಬೆಳಿಗ್ಗೆ ಗೆಲುವು: ಈ ಪುಸ್ತಕಗಳನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಾನು ಹಾಸನದ ಕಡೆ ಹೈಸ್ಕೂಲ್ ಟೀಚರ್. ವಯಸ್ಸು ನಲವತ್ತಾರು. ಮೊದಲೆಲ್ಲ ಕಾದಂಬರಿ ಬಿಟ್ಟು ಬೇರೇನೂ ಓದುತ್ತಿರಲಿಲ್ಲ. ಎರಡು ವರ್ಷದಿಂದ ನಿಜ ಸಂಗತಿಯ ಪುಸ್ತಕಗಳ ಹುಚ್ಚು ಹಿಡಿದಿದೆ. ರಾತ್ರಿ ಮಲಗುವ ಮುಂಚೆ ನಿಜವಾಗಿ ನಡೆದ ಕೊಲೆ, ಮೋಸದ ಪುಸ್ತಕ. ಬೆಳಿಗ್ಗೆ ಕಾಫಿ ಜೊತೆ ಸೆಲ್ಫ್ ಹೆಲ್ಪ್. "ನಿನಗೆ ಏನಾದ್ರೂ ಆಗಿದೆಯಾ?" ಅಂತ ನಮ್ಮ ಯಜಮಾನರು ಕೇಳುತ್ತಾರೆ. ಕೊಲೆ ಪುಸ್ತಕ ಮುಗಿಸಿದಾಗ ನನಗೂ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಸೆಲ್ಫ್ ಹೆಲ್ಪ್ ಮುಗಿಸಿದಾಗ ನಾನು ಕೆಲಸಕ್ಕೆ ಬಾರದವಳು ಅನಿಸುತ್ತದೆ. ಇವುಗಳಲ್ಲಿ ಎಷ್ಟು ನಿಜ? ಹೇಗೆ ಓದಬೇಕು? ಇನ್ನೊಂದು ಪ್ರಶ್ನೆ. ಮಗಳು ಸೆಕೆಂಡ್ ಪಿಯುಸಿ. ಅವಳ ಹುಟ್ಟುಹಬ್ಬಕ್ಕೆ 'ಅಟಾಮಿಕ್ ಹ್ಯಾಬಿಟ್ಸ್' ಕೊಡಿಸಲಾ?

ಉತ್ತರ:

ಮೇಡಂ, ಮೊದಲು ನಿಮ್ಮ ಯಜಮಾನರಿಗೆ ಸಮಾಧಾನ ಹೇಳಿಬಿಡಿ. ನಿಮಗೇನೂ ಆಗಿಲ್ಲ. ನಾನು ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತೇಳು ವರ್ಷ ಪುಸ್ತಕ ಕೊಟ್ಟು ತಗೊಂಡು ಮಾಡಿದವನು. ವಾಪಸ್ ಬಂದ ಪುಸ್ತಕ ನೋಡಿದರೆ ಓದಿದವರ ಗುಟ್ಟು ಗೊತ್ತಾಗುತ್ತದೆ. ಕೊಲೆ ಪುಸ್ತಕಗಳಲ್ಲಿ ಮಧ್ಯದ ಫೋಟೊ ಹಾಳೆಗಳು ಎಲ್ಲಕ್ಕಿಂತ ಮೊದಲು ಸಡಿಲವಾಗುತ್ತವೆ. ಸೆಲ್ಫ್ ಹೆಲ್ಪ್ ಪುಸ್ತಕಗಳಲ್ಲಿ ಪೆನ್ಸಿಲ್ ಗೆರೆಗಳು ಮೂರನೇ ಅಧ್ಯಾಯದ ತನಕ ದಟ್ಟವಾಗಿರುತ್ತವೆ, ಆಮೇಲೆ ಹಾಳೆಗಳು ಅಂಗಡಿಯಿಂದ ಬಂದ ಹಾಗೇ ಇರುತ್ತವೆ. ರಿಜಿಸ್ಟರ್ ತೆಗೆದು ನೋಡಿದರೆ ಎರಡನ್ನೂ ಒಯ್ಯುತ್ತಿದ್ದವರು ಎಷ್ಟೋ ಸಲ ಒಬ್ಬರೇ. ಹಾಗಾಗಿ ನಿಮ್ಮ ಪತ್ರ ಓದಿ ನನಗೆ ಆಶ್ಚರ್ಯ ಆಗಲಿಲ್ಲ.

ಈ ಎರಡು ಬಗೆಯ ಪುಸ್ತಕಗಳು ದೂರದ ನೆಂಟರಂತೆ ಕಾಣುತ್ತವೆ. ಆದರೆ ಒಂದೇ ಮನೆಯವು. ಎರಡರಲ್ಲೂ ಕೊನೆ ಏನೆಂದು ಮೊದಲೇ ಗೊತ್ತು. ಅಲ್ಲಿ ಹೆಣ ಬಿದ್ದಿದೆ, ಇಲ್ಲಿ ಒಬ್ಬ ಗೆದ್ದಿದ್ದಾನೆ. ಬರೆಯುವವರು ಆ ಕೊನೆಯಿಂದ ಹಿಂದಕ್ಕೆ ನಡೆದು, "ಹೀಗಾಗಿದ್ದು ಇದಕ್ಕೆ" ಅಂತ ದಾರಿ ತೋರಿಸುತ್ತಾರೆ. ನಮ್ಮ ದಿನನಿತ್ಯದಲ್ಲಿ ಅಷ್ಟು ನೇರವಾದ ಕಾರಣ ಯಾವುದಕ್ಕೂ ಸಿಗುವುದಿಲ್ಲ. ಅದಕ್ಕೇ ಓದುವಾಗ ಹಾಯಾಗಿರುತ್ತದೆ. ನಾನು ಈಗ ಇಂಥ ಯಾವ ಪುಸ್ತಕ ತೆರೆದರೂ ಒಂದೇ ಪ್ರಶ್ನೆ ಇಟ್ಟುಕೊಂಡು ಓದುತ್ತೇನೆ: ಇದರಲ್ಲಿ ಯಾರು ಇಲ್ಲ?

ಎರಡೂ ಒಂದೇ ಮನೆಯವು ಅಂದೆನಲ್ಲ, ಅದಕ್ಕೊಂದು ಪುರಾವೆ ಕೊಡುತ್ತೇನೆ. ಅಮೆರಿಕದ ಎಲಿಜಬೆತ್ ಹೋಮ್ಸ್ ಕಥೆ ನೀವು ಕೇಳಿರಬಹುದು. ಹತ್ತೊಂಬತ್ತನೇ ವಯಸ್ಸಿಗೆ ಓದು ಬಿಟ್ಟು ಥೆರನೋಸ್ ಎಂಬ ಕಂಪನಿ ಕಟ್ಟಿದಳು. ಬೆರಳ ತುದಿಯಿಂದ ಎರಡು ಹನಿ ರಕ್ತ ಕೊಟ್ಟರೆ ಸಾಕು, ನೂರಾರು ಪರೀಕ್ಷೆ ಮಾಡುತ್ತೇವೆ ಅಂದಳು. 2014ರ ಹೊತ್ತಿಗೆ ಕಂಪನಿಯ ಬೆಲೆ ಸುಮಾರು 900 ಕೋಟಿ ಡಾಲರ್. ಮ್ಯಾಗಜಿನ್ ಮುಖಪುಟಗಳಲ್ಲಿ ಅವಳ ಫೋಟೊ, ಸ್ಟೀವ್ ಜಾಬ್ಸ್ ತರಹದ ಕಪ್ಪು ಅಂಗಿ. ಆಗ ಅವಳದು ಗೆಲುವಿನ ಕಥೆ. 2015ರ ಅಕ್ಟೋಬರ್‌ನಲ್ಲಿ ಜಾನ್ ಕ್ಯಾರಿರೂ ಎಂಬ ಪತ್ರಕರ್ತರು ಅವಳ ರಕ್ತ ಪರೀಕ್ಷೆಯ ಯಂತ್ರ ಹೇಳಿದ ಹಾಗೆ ಕೆಲಸ ಮಾಡುವುದೇ ಇಲ್ಲ ಅಂತ ಬರೆದರು. 2018ರಲ್ಲಿ ಅವರ 'ಬ್ಯಾಡ್ ಬ್ಲಡ್' ಪುಸ್ತಕ ಬಂತು. 2022ರ ಜನವರಿಯಲ್ಲಿ ವಂಚನೆ ಸಾಬೀತಾಯಿತು, ಹನ್ನೊಂದು ವರ್ಷಕ್ಕೂ ಜಾಸ್ತಿ ಜೈಲು. ಈಗ ಅದೇ ಕಥೆ ಅಂಗಡಿಯಲ್ಲಿ ಅಪರಾಧದ ಕಪಾಟಿನಲ್ಲಿದೆ.

ನನಗೆ ಮಜಾ ಅನಿಸಿದ್ದು ಒಂದು ಸಣ್ಣ ವಿಷಯ. 2021ರ ವಿಚಾರಣೆಯಲ್ಲಿ ಅವಳು ತನಗಾಗಿ ಕೈಯಲ್ಲಿ ಬರೆದುಕೊಂಡಿದ್ದ ದಿನಚರಿಯ ಚೀಟಿ ಹೊರಬಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ದೇವರಿಗೆ ವಂದನೆ, ವ್ಯಾಯಾಮ, ಧ್ಯಾನ, ಒಂದು ನಿಮಿಷವೂ ತಡ ಮಾಡದಿರುವುದು. ಯಾವ ಸೆಲ್ಫ್ ಹೆಲ್ಪ್ ಪುಸ್ತಕಕ್ಕೂ ಸೇರಿಸಬಹುದಾದ ಹಾಳೆ ಅದು. ನಾಲ್ಕು ಗಂಟೆಗೆ ಎದ್ದವರೆಲ್ಲ ಮೋಸ ಮಾಡುತ್ತಾರೆ ಅಂತಲ್ಲ. ನಮ್ಮೂರಲ್ಲಿ ಹಾಲು ಕರೆಯುವವರು ದಿನಾ ಅಷ್ಟೊತ್ತಿಗೇ ಏಳುತ್ತಾರೆ, ಅವರ ಮೇಲೆ ಯಾರೂ ಪುಸ್ತಕ ಬರೆದಿಲ್ಲ ಅಷ್ಟೆ.

ಈಗ ನಿಮ್ಮ ರಾತ್ರಿ ಓದಿಗೆ ಬರೋಣ.

ಈ ಬಗೆಯ ಬರವಣಿಗೆಗೆ ದಾರಿ ಹಾಕಿದ್ದು 1966ರ 'ಇನ್ ಕೋಲ್ಡ್ ಬ್ಲಡ್' ಅಂತ ಎಲ್ಲರೂ ಹೇಳುತ್ತಾರೆ. ಟ್ರೂಮನ್ ಕಪೋಟಿ ಬರೆದದ್ದು. 1959ರ ನವೆಂಬರ್ 15ರಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಹಾಲ್ಕಂಬ್ ಎಂಬ ಹಳ್ಳಿಯಲ್ಲಿ ಕ್ಲಟರ್ ಮನೆತನದ ನಾಲ್ವರ ಕೊಲೆ ಆಯಿತು. ರೈತ, ಅವನ ಹೆಂಡತಿ, ಹದಿನಾರರ ಮಗಳು, ಹದಿನೈದರ ಮಗ. ಮನೆಯಲ್ಲಿ ಹಣದ ತಿಜೋರಿ ಇದೆ ಅಂತ ಇಬ್ಬರು ಬಂದಿದ್ದರು. ತಿಜೋರಿಯೇ ಇರಲಿಲ್ಲ. ಸಿಕ್ಕಿದ್ದು ಐವತ್ತು ಡಾಲರ್‌ಗಿಂತ ಕಡಿಮೆ. ಕಪೋಟಿ ಅಲ್ಲಿಗೆ ಹೋಗಿ ವರ್ಷಗಟ್ಟಲೆ ಬೆನ್ನು ಹತ್ತಿದರು. ಕೊಲೆಗಾರರಿಬ್ಬರನ್ನು ಜೈಲಿನಲ್ಲಿ ಮತ್ತೆ ಮತ್ತೆ ಮಾತಾಡಿಸಿದರು. 1965ರ ಏಪ್ರಿಲ್‌ನಲ್ಲಿ ಅವರಿಗೆ ಗಲ್ಲಾಗುವ ತನಕ ಪುಸ್ತಕಕ್ಕೆ ಕೊನೆ ಸಿಕ್ಕಿರಲಿಲ್ಲ. ಒಬ್ಬ ಲೇಖಕ ತಾನು ಸ್ನೇಹ ಬೆಳೆಸಿದವರ ಸಾವಿಗೆ ಕಾಯುತ್ತಾ ಕೂರುವುದು ಎಂಥ ಸ್ಥಿತಿ ನೋಡಿ.

ಪುಸ್ತಕ ಅದ್ಭುತವಾಗಿದೆ. ನಾನು ಮೂರು ಸಲ ಓದಿದ್ದೇನೆ. ಇದರಲ್ಲಿ ಪ್ರತಿ ಮಾತೂ ನಿಜ ಅಂತ ಕಪೋಟಿ ಹೇಳಿಕೊಂಡರು. ಆದರೆ ಕೊನೆಯಲ್ಲಿ ಸ್ಮಶಾನದಲ್ಲಿ ಪೊಲೀಸ್ ಅಧಿಕಾರಿ ಸತ್ತ ಹುಡುಗಿಯ ಗೆಳತಿಯನ್ನು ಕಾಣುವ ದೃಶ್ಯ ಇದೆಯಲ್ಲ, ಅಂಥದ್ದು ನಡೆದೇ ಇಲ್ಲ ಅಂತ ಆ ಅಧಿಕಾರಿಯೇ ಆಮೇಲೆ ಹೇಳಿದರು. ಓದುಗರ ಎದೆ ತುಂಬಿ ಬರಲಿ ಅಂತ ಕಪೋಟಿ ಕಟ್ಟಿದ ದೃಶ್ಯ ಅದು. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು. ಪುಸ್ತಕ ಮುಚ್ಚಿದ ಮೇಲೆ ಪೆರಿ ಸ್ಮಿತ್ ಎಂಬ ಕೊಲೆಗಾರನ ಬಾಲ್ಯ, ಅವನ ಗಿಟಾರು, ಅವನ ಕನಸು ಎಲ್ಲ ನೆನಪಿರುತ್ತದೆ. ಸತ್ತ ನಾಲ್ವರ ಹೆಸರು ನನಗೆ ಯಾವತ್ತೂ ಥಟ್ಟನೆ ಬಾಯಿಗೆ ಬಂದಿಲ್ಲ. ಆ ಮನೆಯ ಇನ್ನಿಬ್ಬರು ದೊಡ್ಡ ಹೆಣ್ಣುಮಕ್ಕಳು ಆ ರಾತ್ರಿ ಬೇರೆ ಊರಲ್ಲಿದ್ದದ್ದರಿಂದ ಉಳಿದರು. ಅವರು ಹೇಗೆ ಬದುಕಿದರು ಅಂತ ಪುಸ್ತಕ ತಲೆ ಕೆಡಿಸಿಕೊಳ್ಳುವುದಿಲ್ಲ.

ನಿಮಗೆ ಬರುವ ತಪ್ಪಿತಸ್ಥ ಭಾವ ಇಲ್ಲಿಂದಲೇ ಬರುತ್ತದೆ ಅನ್ನುವುದು ನನ್ನ ಊಹೆ. ಕೊಲೆಯ ಬಗ್ಗೆ ಓದಿದ್ದಕ್ಕೆ ಮನಸ್ಸು ಚುಚ್ಚುತ್ತಿಲ್ಲ. ಸತ್ತವರನ್ನು ದಾಟಿಕೊಂಡು ಹೋದೆವಲ್ಲ, ಅದು ಚುಚ್ಚುತ್ತದೆ.

ಇದಕ್ಕೆ ತಿರುಗಿ ನಿಂತ ಪುಸ್ತಕಗಳೂ ಈಚೆಗೆ ಬಂದಿವೆ. ನೀವು ಓದಿಲ್ಲದಿದ್ದರೆ 'ದಿ ಫೈವ್' ಹುಡುಕಿ. ಹ್ಯಾಲಿ ರೂಬೆನ್‌ಹೋಲ್ಡ್ ಅವರದು, 2019. 1888ರಲ್ಲಿ ಲಂಡನ್ನಿನಲ್ಲಿ ಜ್ಯಾಕ್ ದಿ ರಿಪ್ಪರ್ ಎಂಬ ಅಡ್ಡಹೆಸರಿನ, ಇವತ್ತಿಗೂ ಯಾರೆಂದು ಗೊತ್ತಾಗದ ಕೊಲೆಗಾರ ಕೊಂದ ಐದು ಹೆಂಗಸರ ಜೀವನ ಅದು. ಕೊಂದವನು ಯಾರು ಎಂಬ ಪ್ರಶ್ನೆಯನ್ನೇ ಆಕೆ ಎತ್ತುವುದಿಲ್ಲ. ಕೊಲೆಯ ವರ್ಣನೆಯೂ ಇಲ್ಲ. ಈ ಐವರೂ ಬೀದಿ ವೇಶ್ಯೆಯರು ಅಂತ ನೂರಾ ಮೂವತ್ತು ವರ್ಷ ಎಲ್ಲರೂ ಬರೆದರು. ಅವರಲ್ಲಿ ಮೂವರ ಬಗ್ಗೆ ಆ ಮಾತಿಗೆ ಗಟ್ಟಿ ಆಧಾರವೇ ಇಲ್ಲ ಎನ್ನುವುದು ರೂಬೆನ್‌ಹೋಲ್ಡ್ ವಾದ. ಗಂಡನನ್ನು ಬಿಟ್ಟವರು, ಕುಡಿತಕ್ಕೆ ಬಿದ್ದವರು, ರಾತ್ರಿ ಮಲಗಲು ನಾಲ್ಕು ಕಾಸಿಲ್ಲದವರು. ಪಾಲಿ ನಿಕೋಲ್ಸ್ ಸತ್ತಾಗ ಅವಳ ಹತ್ತಿರ ಇದ್ದದ್ದು ಒಂದು ಬಾಚಣಿಗೆ, ಒಂದು ಬಿಳಿ ಕರವಸ್ತ್ರ, ಒಡೆದ ಕನ್ನಡಿಯ ಚೂರು. ಐದು ಮಕ್ಕಳ ತಾಯಿ ಅವಳು. ಇಷ್ಟು ಓದಿದ ಮೇಲೆ ರಿಪ್ಪರ್ ಯಾರಾದರೆ ನಮಗೇನು ಅನಿಸುತ್ತದೆ.

ಮಿಶೆಲ್ ಮ್ಯಾಕ್‌ನಮಾರಾ ಅವರ 'ಐ ವಿಲ್ ಬಿ ಗಾನ್ ಇನ್ ದ ಡಾರ್ಕ್' ಇನ್ನೊಂದು. ಕ್ಯಾಲಿಫೋರ್ನಿಯಾದಲ್ಲಿ ಎಪ್ಪತ್ತು, ಎಂಬತ್ತರ ದಶಕದಲ್ಲಿ ಅತ್ಯಾಚಾರ, ಕೊಲೆ ಮಾಡಿ ಸಿಗದೇ ಹೋದವನ ಹಿಂದೆ ಬಿದ್ದ ಕಥೆ. ಪುಸ್ತಕ ಮುಗಿಯುವ ಮೊದಲೇ, 2016ರಲ್ಲಿ, ಆಕೆ ತೀರಿಕೊಂಡರು. ಉಳಿದವರು ಸೇರಿ ಮುಗಿಸಿ 2018ರ ಫೆಬ್ರವರಿಯಲ್ಲಿ ತಂದರು. ಎರಡೇ ತಿಂಗಳಿಗೆ ಪೊಲೀಸರು ಜೋಸೆಫ್ ಡಿ ಆಂಜೆಲೊ ಎಂಬ ಹಳೇ ಪೊಲೀಸನನ್ನೇ ಹಿಡಿದರು. ಪುಸ್ತಕದಿಂದಲೇ ಸಿಕ್ಕ ಅಂತ ಹಲವರು ಅಂದುಕೊಂಡರು. ನಿಜವಾಗಿ ಸಿಕ್ಕಿದ್ದು ಡಿಎನ್‌ಎಯಿಂದ. ಜನ ತಮ್ಮ ವಂಶವೃಕ್ಷ ಹುಡುಕಲು ಡಿಎನ್‌ಎ ಮಾಹಿತಿ ಹಾಕುವ ವೆಬ್‌ಸೈಟ್ ಒಂದಿತ್ತು. ಅದರಲ್ಲಿ ದೂರದ ಸಂಬಂಧಿಕರ ಹೋಲಿಕೆ ಹಿಡಿದು ಅವನನ್ನು ತಲುಪಿದರು. ಆದರೂ ಈ ಪುಸ್ತಕ ನನಗಿಷ್ಟ. ತನಗೆ ಈ ವಿಷಯದ ಚಟ ಹತ್ತಿದೆ, ಅದು ಆರೋಗ್ಯಕರವಲ್ಲ ಅಂತ ಆಕೆ ಅಡಗಿಸದೆ ಬರೆಯುತ್ತಾರೆ. ನಿಮ್ಮ ಯಜಮಾನರಿಗೆ ಓದಲು ಕೊಡಿ ಬೇಕಾದರೆ.

ನಮ್ಮ ಕಡೆಯದೂ ಒಂದು ಹೇಳಿಬಿಡುತ್ತೇನೆ. ವೀರಪ್ಪನ್ ಬಗ್ಗೆ ಎಷ್ಟು ಪುಸ್ತಕ, ಸಿನಿಮಾ, ಸೀರೀಸ್ ಬಂದಿವೆ ಲೆಕ್ಕವಿಲ್ಲ. ಅವನ ಮೀಸೆ ಗೊತ್ತಿಲ್ಲದ ಕನ್ನಡಿಗರಿಲ್ಲ. ರಾಜ್‌ಕುಮಾರ್ ಅಪಹರಣದ 108 ದಿನ ನಮ್ಮ ತಲೆಮಾರಿನವರಿಗೆ ಬಾಯಿಪಾಠ. ಆದರೆ ಪಿ. ಶ್ರೀನಿವಾಸ್ ಅಂದರೆ? ನಿಮ್ಮ ತರಗತಿಯಲ್ಲಿ ಕೇಳಿ ನೋಡಿ. ಅರಣ್ಯಾಧಿಕಾರಿ. ವೀರಪ್ಪನ್ ಹುಟ್ಟೂರು ಗೋಪಿನಾಥಂನಲ್ಲಿ ಜನರ ನಡುವೆ ಇದ್ದು, ಅವರಿಗೆ ಔಷಧಿ ಕೊಡಿಸಿ, ಗುಡಿ ಕಟ್ಟಿಸಿ, ಮನಸ್ಸು ಗೆದ್ದವರು. ಅವನು ಶರಣಾಗುತ್ತಾನೆ ಎಂಬ ಮಾತು ನಂಬಿ 1991ರ ನವೆಂಬರ್‌ನಲ್ಲಿ ಆಯುಧ ಇಲ್ಲದೆ ಕಾಡಿಗೆ ಹೋದರು. ಅವನು ಅವರ ತಲೆ ಕಡಿದ. ಮರಣದ ನಂತರ ಕೀರ್ತಿ ಚಕ್ರ ಬಂತು. ಪುಸ್ತಕಗಳಲ್ಲಿ ಅವರು ವೀರಪ್ಪನ್ ಕ್ರೌರ್ಯಕ್ಕೆ ಒಂದು ಉದಾಹರಣೆಯಾಗಿ ಬಂದು ಹೋಗುತ್ತಾರೆ. ನನ್ನ ಕೇಳಿದರೆ ದೊಡ್ಡ ಪುಸ್ತಕ ಅವರದೇ ಆಗಬೇಕಿತ್ತು. ಒಬ್ಬ ಸರ್ಕಾರಿ ಅಧಿಕಾರಿ ಕೊಲೆಗಾರನ ಊರಿನ ಜನರನ್ನು ಪ್ರೀತಿಸಿದ್ದು ಹೇಗೆ ಎಂಬುದು ಕೊಲೆಗಿಂತ ದೊಡ್ಡ ರಹಸ್ಯ ಅಲ್ವಾ?

ಇನ್ನು ಬೆಳಗಿನ ಕಾಫಿ ಪುಸ್ತಕಗಳು. ಇಲ್ಲಿ ಸತ್ತವರ ಜಾಗದಲ್ಲಿ ಸೋತವರು ಕಾಣೆಯಾಗಿರುತ್ತಾರೆ. ಗೆದ್ದೆತ್ತಿನ ಬಾಲ ಹಿಡಿಯುವುದು ಅಂತೀವಲ್ಲ, ಪೂರ್ತಿ ಅದೇ. ಜಿಮ್ ಕಾಲಿನ್ಸ್ ಅವರ 'ಗುಡ್ ಟು ಗ್ರೇಟ್' 2001ರಲ್ಲಿ ಬಂತು. ಸಾಧಾರಣದಿಂದ ಶ್ರೇಷ್ಠಕ್ಕೆ ಏರಿದ ಹನ್ನೊಂದು ಕಂಪನಿಗಳನ್ನು ಆರಿಸಿ, ಅವುಗಳ ಗುಟ್ಟು ಇದು ಅಂತ ಬರೆದರು. ಮ್ಯಾನೇಜ್‌ಮೆಂಟ್ ಮಕ್ಕಳು ಸಾಲು ನಿಂತು ಒಯ್ಯುತ್ತಿದ್ದ ಪುಸ್ತಕ. ಏಳು ವರ್ಷ ಕಳೆಯಿತು. 2008ರಲ್ಲಿ ಆ ಹನ್ನೊಂದರಲ್ಲಿ ಸರ್ಕಿಟ್ ಸಿಟಿ ದಿವಾಳಿ ಆಯಿತು. ಫ್ಯಾನಿ ಮೇಯನ್ನು ಸರ್ಕಾರ ಕೈಗೆ ತಗೊಳ್ಳಬೇಕಾಯಿತು. ಗುಟ್ಟು ಅದೇ ಇತ್ತು, ಎತ್ತು ಬಿತ್ತು. ಅದೇ ಗುಟ್ಟು ಪಾಲಿಸಿ ಮೊದಲ ವರ್ಷವೇ ಮುಳುಗಿದ ಕಂಪನಿಗಳನ್ನು ಯಾರು ಎಣಿಸಿದರು?

'ಅಟಾಮಿಕ್ ಹ್ಯಾಬಿಟ್ಸ್' ಬಗ್ಗೆ ಕೇಳಿದ್ದೀರಿ. ಸಣ್ಣ ಸಣ್ಣ ಅಭ್ಯಾಸ ಬೆಳೆಸಿಕೊಳ್ಳುವ ಬಗ್ಗೆ ಜೇಮ್ಸ್ ಕ್ಲಿಯರ್ ಬರೆದದ್ದು, 2018. ಕೆಟ್ಟ ಪುಸ್ತಕ ಅಲ್ಲ. ಓದುವ ಪುಸ್ತಕವನ್ನು ದಿಂಬಿನ ಮೇಲೆ ಇಡು, ಫೋನನ್ನು ಬೇರೆ ಕೋಣೆಯಲ್ಲಿ ಇಡು ಎಂಬ ತರಹದ ಮಾತುಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಆದರೆ ಅದರಲ್ಲಿ ಹೆಸರುವಾಸಿ ಲೆಕ್ಕ ಒಂದಿದೆ. ದಿನಾ ಒಂದು ಪರ್ಸೆಂಟ್ ಸುಧಾರಿಸಿದರೆ ವರ್ಷಕ್ಕೆ ಮೂವತ್ತೇಳು ಪಟ್ಟು ಆಗುತ್ತೀರಿ ಅಂತ. ಗಣಿತ ಸರಿ ಇದೆ, ಚಕ್ರಬಡ್ಡಿ ಲೆಕ್ಕ. ಮನುಷ್ಯ ಬ್ಯಾಂಕ್ ಡಿಪಾಸಿಟ್ ಅಲ್ಲ ಅಷ್ಟೆ. ಇವತ್ತು ಒಂದು ಕಿಲೋಮೀಟರ್ ನಡೆದು, ದಿನಾ ಒಂದು ಪರ್ಸೆಂಟ್ ಹೆಚ್ಚಿಸುತ್ತಾ ಹೋಗಿ. ವರ್ಷದ ಕೊನೆಗೆ ದಿನಕ್ಕೆ 37 ಕಿಲೋಮೀಟರ್. ಎರಡನೇ ವರ್ಷದ ಕೊನೆಗೆ ದಿನಕ್ಕೆ ಸುಮಾರು 1,400. ಸಂಜೆ ಮನೆಗೆ ಬಂದು ಅಡಿಗೆ ಬೇರೆ ಮಾಡಬೇಕು!

ಇನ್ನೊಂದು, ನಿಮಗೆ "ಕೆಲಸಕ್ಕೆ ಬಾರದವಳು" ಅನಿಸುವಂತೆ ಮಾಡುವ ಮಾತು: ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂರುತ್ತದೆ. ಇದು ಎಲ್ಲಿಂದ ಬಂತು ಗೊತ್ತಾ? ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರ ಪುಸ್ತಕವೊಂದರಲ್ಲಿ, ಮುಖದ ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ ಇಪ್ಪತ್ತೊಂದು ದಿನ ಬೇಕು ಅಂತ ಬರೆದಿದ್ದರು. ಆಮೇಲೆ ಬಂದವರು "ಕಡಿಮೆ ಅಂದರೂ" ಎಂಬುದನ್ನು ಬಿಟ್ಟರು. ಮುಖವನ್ನೂ ಬಿಟ್ಟರು. ಉಳಿದದ್ದು ಇಪ್ಪತ್ತೊಂದು. 2009ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಇಟ್ಟುಕೊಂಡು ನಿಜವಾಗಿ ಅಳೆದು ನೋಡಿದರು. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಅಂಥ ಸಣ್ಣ ಕೆಲಸಗಳು. ಸರಾಸರಿ 66 ದಿನ ಬಂತು. ಬೇಗ ಕೂತವರಿಗೆ 18, ತಡವಾದವರಿಗೆ 254. ನಡುವೆ ಒಂದು ದಿನ ತಪ್ಪಿಸಿದ್ದರಿಂದ ಅಂಥ ವ್ಯತ್ಯಾಸವೇನೂ ಆಗಲಿಲ್ಲ. ಈ ಕೊನೆಯ ಮಾತು ಯಾವ ಪುಸ್ತಕದ ಬೆನ್ನ ಮೇಲೂ ಅಚ್ಚಾಗುವುದಿಲ್ಲ, ಯಾಕೆಂದರೆ ಅದನ್ನು ಕೇಳಿದರೆ ಪುಸ್ತಕ ಕೊಳ್ಳುವ ಅವಸರ ಇರುವುದಿಲ್ಲ. (ನಮ್ಮಲ್ಲಿ ಮಂಡಲ ಪೂಜೆ ಅಂದರೆ 48 ದಿನ. ಲ್ಯಾಲಿ ಲೆಕ್ಕಕ್ಕೆ ಇಪ್ಪತ್ತೊಂದಕ್ಕಿಂತ ಹತ್ತಿರ ಇದೆ ನೋಡಿ.)

ಮನೆ ಚೊಕ್ಕ ಮಾಡುವ ಪುಸ್ತಕದ ಮೇರಿ ಕೊಂಡೊ ಗೊತ್ತಲ್ಲ? ಆಕೆಯ ಮಾತು ಕೇಳಿ ಲಕ್ಷಗಟ್ಟಲೆ ಜನ ಬೀರು ಖಾಲಿ ಮಾಡಿದರು. 2023ರಲ್ಲಿ ಆಕೆಯೇ, ಮೂರನೇ ಮಗು ಆದ ಮೇಲೆ ಮನೆ ಮೊದಲಿನಷ್ಟು ಚೊಕ್ಕ ಇಡುವುದನ್ನು ಬಿಟ್ಟಿದ್ದೇನೆ ಅಂದರು. ಕೆಲವರು ನಕ್ಕರು. ನನಗೆ ಆಕೆಯ ಮೇಲೆ ಗೌರವ ಬಂದಿದ್ದೇ ಅವತ್ತು.

ಅಂಥದ್ದೇ ಗೌರವ ನನಗೆ ಡೇನಿಯಲ್ ಕಾನೆಮನ್ ಮೇಲೆ. ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞರು. 2011ರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' ಪುಸ್ತಕದ ಒಂದು ಅಧ್ಯಾಯದಲ್ಲಿ, ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಓದಿದ ಹುಡುಗರು ನಿಧಾನವಾಗಿ ನಡೆದರು ಎಂಬಂಥ ಪ್ರಯೋಗಗಳನ್ನು ಹೇಳಿ, ಇದನ್ನು ನಂಬದೆ ಗತಿಯಿಲ್ಲ ಎಂಬ ಧಾಟಿಯಲ್ಲಿ ಬರೆದಿದ್ದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅಂಥ ಹಲವು ಪ್ರಯೋಗಗಳಲ್ಲಿ ಅದೇ ಫಲಿತಾಂಶ ಬರಲಿಲ್ಲ. 2017ರಲ್ಲಿ ಕಾನೆಮನ್ ಬಹಿರಂಗವಾಗಿ, ಸಣ್ಣ ಸಣ್ಣ ಅಧ್ಯಯನಗಳ ಮೇಲೆ ಅತಿಯಾಗಿ ನಂಬಿಕೆ ಇಟ್ಟೆ ಅಂತ ಒಪ್ಪಿಕೊಂಡರು. ಪುಸ್ತಕ ಮಾತ್ರ ಹಾಗೇ ಮಾರಾಟವಾಗುತ್ತಿದೆ. ನಿಮ್ಮ ಕೈಯಲ್ಲಿರುವ ಪ್ರತಿಗೆ ಆ ಒಪ್ಪಿಗೆಯ ಸುದ್ದಿ ಮುಟ್ಟಿರುವುದಿಲ್ಲ.

ಅಂದರೆ ಏನು ಮಾಡಬೇಕು? ಒಂದು ಕೆಲಸ ಹೇಳುತ್ತೇನೆ, ಲೈಬ್ರರಿಯವನ ಅಭ್ಯಾಸ ಇದು. ಪುಸ್ತಕವನ್ನು ಹಿಂದಿನಿಂದ ತೆರೆಯಿರಿ. ಕೊನೆಯ ಟಿಪ್ಪಣಿಗಳನ್ನು ನೋಡಿ. ಪ್ರಕಾಶಕರು ಎಲ್ಲವನ್ನೂ ತನಿಖೆ ಮಾಡಿಸಿಯೇ ಅಚ್ಚು ಹಾಕುತ್ತಾರೆ ಅಂತ ನಾವಂದುಕೊಂಡಿರುತ್ತೇವೆ. ಸಾಮಾನ್ಯವಾಗಿ ಮಾಡಿಸುವುದಿಲ್ಲ. ಮಾನನಷ್ಟದ ಕೇಸು ಬೀಳದಿದ್ದರೆ ಸಾಕು ಅಂತ ವಕೀಲರಿಗೆ ತೋರಿಸುತ್ತಾರೆ. ನಿಜ ತಪಾಸಣೆ ಲೇಖಕರ ಹೆಗಲಿಗೆ. ಅದಕ್ಕೇ ಹಿಂದಿನ ಪುಟಗಳು ಮುಖ್ಯ. ಪ್ಯಾಟ್ರಿಕ್ ರಾಡನ್ ಕೀಫ್ ಅವರ 'ಸೇ ನಥಿಂಗ್' ಸಿಕ್ಕರೆ ನೋಡಿ. 1972ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹತ್ತು ಮಕ್ಕಳ ತಾಯಿ ಜೀನ್ ಮೆಕಾನ್‌ವಿಲ್ ಅವರನ್ನು ಐಆರ್‌ಎ ಎಂಬ ಸಶಸ್ತ್ರ ಗುಂಪಿನವರು ಮಕ್ಕಳೆದುರೇ ಎಳೆದುಕೊಂಡು ಹೋದರು. ಅವರ ಮೂಳೆ ಸಿಕ್ಕಿದ್ದು 2003ರಲ್ಲಿ. ಈ ಪುಸ್ತಕದ ಹಿಂದೆ ಪುಟಗಟ್ಟಲೆ ಟಿಪ್ಪಣಿ ಇದೆ, ಯಾವ ಮಾತು ಯಾರಿಂದ ಬಂತು ಅಂತ. ಒಳಗಿನ ಕಥೆಯಲ್ಲಿ ಆ ಮಕ್ಕಳೂ ಇದ್ದಾರೆ. ಓದಿದ ಮೇಲೆ ಮನಸ್ಸು ಭಾರವಾಗುತ್ತದೆ, ಆದರೆ ನೀವು ಹೇಳುವ ತಪ್ಪಿತಸ್ಥ ಭಾವ ನನಗಂತೂ ಬರಲಿಲ್ಲ.

ಸೆಲ್ಫ್ ಹೆಲ್ಪ್‌ನಲ್ಲಿ "ಒಂದು ಅಧ್ಯಯನದ ಪ್ರಕಾರ" ಅಂತ ಬಂದರೆ ಪೆನ್ಸಿಲ್ ತಗೊಂಡು ಪಕ್ಕದಲ್ಲಿ "ಎಷ್ಟು ಜನ?" ಅಂತ ಬರೆಯಿರಿ. ಉತ್ತರ ಹಿಂದೆ ಸಿಕ್ಕರೆ ಸರಿ. ಸಿಗದಿದ್ದರೆ ಅದು ಒಂದು ಕಥೆ ಅಂದುಕೊಂಡು ಓದಿ, ಕಥೆಯಾಗಿ ಚೆನ್ನಾಗಿಯೇ ಇರುತ್ತದೆ. ಅರ್ಧಕ್ಕೆ ಬಿಟ್ಟರೂ ಪಾಪ ಇಲ್ಲ. ಮೂರನೇ ಅಧ್ಯಾಯಕ್ಕೆ ಗೆರೆ ನಿಲ್ಲಿಸಿದ ಆ ಓದುಗರನ್ನು ಸೋಮಾರಿಗಳು ಅಂತ ಬಹಳ ವರ್ಷ ಬೈದುಕೊಂಡಿದ್ದೆ. ಆಮೇಲೆ ನಾನೇ ಅಂಥ ಹತ್ತಾರು ಪುಸ್ತಕ ಪೂರ್ತಿ ಓದಿದೆ. ಬಹುಪಾಲು ಪುಸ್ತಕಗಳಲ್ಲಿ ವಿಷಯ ಮೂರನೇ ಅಧ್ಯಾಯಕ್ಕೇ ಮುಗಿದಿರುತ್ತದೆ!

ಕೊನೆಗೆ ಮಗಳ ಹುಟ್ಟುಹಬ್ಬ. ಸೆಕೆಂಡ್ ಪಿಯುಸಿ ಅಂದರೆ ಮನೆ, ಕಾಲೇಜು, ಟ್ಯೂಷನ್, ನೆಂಟರು ಎಲ್ಲರೂ ಸೇರಿ ದಿನಾ ಸೆಲ್ಫ್ ಹೆಲ್ಪ್ ಓದಿ ಹೇಳುತ್ತಿರುತ್ತಾರೆ. ಇನ್ನೊಂದನ್ನು ರಿಬ್ಬನ್ ಕಟ್ಟಿ ಕೊಡಬೇಡಿ. ಬಿ.ಜಿ.ಎಲ್. ಸ್ವಾಮಿಯವರ 'ಹಸಿರು ಹೊನ್ನು' ಕೊಡಿ. ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರು ಕಾಲೇಜು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಕಾಡು ಸುತ್ತುವ ಪುಸ್ತಕ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಆದರೆ ಅದನ್ನು ಅವಳಿಗೆ ಹೇಳಬೇಡಿ, ಓದುವ ಆಸೆ ಹೋಗಿಬಿಡುತ್ತದೆ. ನಗು ಬರುತ್ತದೆ ಅಂತ ಮಾತ್ರ ಹೇಳಿ. ಮೊದಲ ಪುಟದಲ್ಲಿ ಹಿತವಚನ ಬರೆಯಬೇಡಿ. ಹೆಸರು, ತಾರೀಕು ಸಾಕು. ಅವಳು ಪರೀಕ್ಷೆ ಮುಗಿಯುವ ತನಕ ಮುಟ್ಟದಿದ್ದರೆ ಸುಮ್ನಿರಿ. ಅಷ್ಟರಲ್ಲಿ ರಾತ್ರಿ ಓದಿಗೆ ನೀವೇ ಎತ್ತಿಕೊಳ್ಳಿ. ಅದರಲ್ಲಿ ಯಾರೂ ಸಾಯುವುದಿಲ್ಲ ಅಂತ ಯಜಮಾನರಿಗೆ ತಿಳಿಸಿಬಿಡಿ.